ತಂದೆ, ಮಗ ಮತ್ತು ನಮ್ಮ ಬೀಗರು

ಐರ್ಲೆಂಡ್ ಹೇಗಿದೆ ಅಂತ ಯಗಟಿಯಲ್ಲಿ ಬಸ್ಸಿಳಿದ ಗಳಿಗೆಯಿಂದ ಎಲ್ಲರೂ ಕೇಳ್ತಾನೇ ಇದ್ದಾರೆ. ಹೇಳ್ತೀನಿ. ಮೊದಲು ನನ್ನ ಮೊಮ್ಮಗಳು ಹೇಗಿದ್ದಾಳೆ ಅಂತ ಕೇಳಿ. ಕೆನ್ನೆ ಅಂದರೆ ಆಗ ತಾನೇ ತೊಳಸಿಟ್ಟ ಮುದ್ದೆ. ಬಣ್ಣವೂ ರಾಗಿ ಬಣ್ಣವೇ, ನಮ್ಮ ಬಣ್ಣ. ಅಷ್ಟು ದೂರ ಹೋಗಿ ಹುಟ್ಟಿದರೂ ಬಣ್ಣ ಬಿಟ್ಟುಕೊಟ್ಟಿಲ್ಲ ನನ್ನ ಕಂದ. ಆಕಳಿಸಿದರೆ ಬಾಯಿ ಒಂದು ಕಡೆಗೆ ಸೊಟ್ಟ ಆಗುತ್ತೆ, ಥೇಟ್ ನಮ್ಮ ಯಜಮಾನರ ಹಾಗೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಇಲ್ಲಿ ಒತ್ತು, ದೀರ್ಘ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ. ಮೊಮ್ಮಗಳ ವಿಚಾರದಲ್ಲಿ ಮಾತ್ರ ಒಂದಕ್ಷರ ತಿದ್ದಬೇಡಿ.

ತರೀಕೆರೆಯಿಂದ ಆಕಾಶಕ್ಕೆ

ಮಗಳು ಪುಷ್ಪ, ಅಳಿಯ ವಿನ್ಸೆಂಟ್, ಇಬ್ಬರೂ ಆ ದೇಶದ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸುಗಳು. ನಮ್ಮದು ಕುರಿ ಸಾಕುವ ಮನೆ, ಬೀರಪ್ಪನ ಒಕ್ಕಲು. ಅಳಿಯನದು ತರೀಕೆರೆಯ ಕ್ರೈಸ್ತರ ಮನೆ. ಅವರಿಬ್ಬರ ಮದುವೆಯ ದಿನ ಎರಡು ಮನೆಯಲ್ಲೂ ಒಲೆ ಹಚ್ಚಲಿಲ್ಲ. ಕೂಸು ಹುಟ್ಟಿತು ಅಂತ ಫೋನ್ ಬಂದ ದಿನ ಎರಡು ಮನೆಯಲ್ಲೂ ಪಾಯಸ. ಮನುಷ್ಯರ ಸಿಟ್ಟು ಅಷ್ಟೇ ಕಣ್ರೀ, ಒಂದು ಕೂಸು ಅತ್ತರೆ ಕೊಚ್ಚಿಕೊಂಡು ಹೋಗುತ್ತೆ.

ಬಾಣಂತನಕ್ಕೆ ಬಾರಮ್ಮ ಅಂತ ಪುಷ್ಪ ಕರೆದಳು. ನಮ್ಮ ಯಜಮಾನರನ್ನೂ ಕರೆದಳು. ಅವರು, "ಕುರಿ ಈಯೋ ಕಾಲ ಕಣೇ. ನಾನು ವಿಮಾನ ಹತ್ತಿದ್ರೆ ಇವುಗಳ ಬಾಣಂತನ ಯಾರು ಮಾಡ್ತಾರೆ? ನೀನು ಹೋಗ್ಬಾ," ಅಂದುಬಿಟ್ಟರು. ಹಾಗಾಗಿ ನನ್ನ ಜೊತೆಗೆ ಹೊರಟವರು ಬೀಗರು, ಅಂದರೆ ವಿನ್ಸೆಂಟನ ತಂದೆ ಇನ್ನಾಸಪ್ಪನವರು.

ಇನ್ನಾಸಪ್ಪನವರು ತರೀಕೆರೆಯಲ್ಲಿ ಟೈಲರ್. ಹೆಂಡತಿ ಲೂರ್ದಮ್ಮ ತೀರಿಕೊಂಡು ಆಗಷ್ಟೇ ವರ್ಷ ತುಂಬಿತ್ತು. ಆಯಮ್ಮ ಹೋದ ಮೇಲೆ ಸಂಜೆಯಾದರೆ ಅಂಗಡಿ ಬಾಗಿಲು ಎಳೆದು ಬೈಬಲ್ ಹಿಡಿದು ಕೂರುತ್ತಿದ್ದರಂತೆ. ಅದನ್ನು ಹೊಲಿಗೆಯ ಬಟ್ಟೆ ನೋಡಿದ ಹಾಗೇ ನೋಡುವುದು, ಎಲ್ಲಿ ಕೂಡಿದೆ, ಎಲ್ಲಿ ಬಿಟ್ಟಿದೆ ಅಂತ. ಯೇಸುವೂ ಅವನ ತಂದೆಯಾದ ದೇವರೂ ಒಂದೇ ಅನ್ನುವಂಥ ಮಾತು ಬಂದ ಕಡೆ ಗುರುತಿಗೆ ನೀಲಿ ಬಟ್ಟೆ ಚೂರು. ಬೇರೆ ಬೇರೆ ಅನ್ನುವಂಥ ಮಾತು ಬಂದ ಕಡೆ ಕೆಂಪು ಚೂರು. ಬೈಬಲ್ ಮುಚ್ಚಿದರೆ ಹುಂಜದ ಬಾಲದ ಹಾಗೆ ಕಾಣುತ್ತಿತ್ತು.

ವಿಮಾನದಲ್ಲಿ ನಾನು ಕಿಟಕಿ ಪಕ್ಕ ಬೀರಪ್ಪನನ್ನು ನೆನೆಯುತ್ತಾ ಕೂತಿದ್ದೆ. ಬೀಗರು ಕೇಳಿದರು, "ಸಿದ್ದಮ್ಮನೋರೇ, ತಂದೆ, ಮಗ, ಪವಿತ್ರಾತ್ಮ, ಮೂವರೂ ಸೇರಿ ಒಬ್ಬನೇ ದೇವರು ಅಂತಾರೆ ನಮ್ಮೋರು. ತ್ರಿತ್ವ ಅಂತ ಅದರ ಹೆಸರು. ಆ ಹೆಸರು ಬೈಬಲಲ್ಲಿ ಎಲ್ಲೈತೆ ಗೊತ್ತಾ?"

"ಎಲ್ಲೈತೆ ಬೀಗರೇ?"

"ಎಲ್ಲೂ ಇಲ್ಲ!"

ಅವರು ಕೂಗಿದ ಕೂಗಿಗೆ ವಿಮಾನದ ಹುಡುಗಿ ಓಡಿಬಂದು ಏನು ಬೇಕು ಅಂತ ಕೇಳಿದಳು. ನಾನು ನೀರು ಅಂದೆ.

ನಾಯಿ ಕೂತ ಜಾಗ

ಡಬ್ಲಿನ್ನಿನಲ್ಲಿ ಇಳಿದೆವು. ಮೊಮ್ಮಗಳಿಗೆ ಅಂತ ನಮ್ಮ ಕುರಿಗಳದೇ ಉಣ್ಣೆಯ ಪುಟ್ಟ ಕಂಬಳಿ ನೇಯಿಸಿ ಬ್ಯಾಗಿನಲ್ಲಿಟ್ಟಿದ್ದೆ. ಅಲ್ಲಿ ಸಾಮಾನು ಮೂಸುವ ಒಂದು ನಾಯಿ. ನಮ್ಮೂರ ನಾಯಿಯ ಹಾಗೆ ಬೊಗಳೋದಿಲ್ಲ, ಅನುಮಾನ ಬಂದರೆ ಸುಮ್ಮನೆ ಕೂತುಬಿಡುತ್ತೆ. ಬಂದಿದ್ದೇ ನನ್ನ ಬ್ಯಾಗಿನ ಪಕ್ಕ ಕೂತಿತು. ಎದ್ದೇಳೋದೇ ಇಲ್ಲ! ನನಗೆ ಜೀವವೇ ಹೋಯಿತು.

ಆಫೀಸರು ಕಂಬಳಿ ತೆಗೆದು ಏನಿದು ಅಂದರು. ಬೀಗರು ಮುಂದೆ ಬಂದು ತಮ್ಮ ಅಂಗಡಿ ಇಂಗ್ಲಿಷಿನಲ್ಲಿ, "ಶೀಪ್ ಸಾರ್. ಶೀಪ್ ನಾಟ್ ಕಮಿಂಗ್. ಓನ್ಲಿ ಕೋಟ್ ಕಮಿಂಗ್," ಅಂದರು. ಆಫೀಸರು ಕಂಬಳಿಯನ್ನು ಕೆನ್ನೆಗೆ ಒತ್ತಿ ನೋಡಿ, ಮಡಿಸಿ, ನಗುತ್ತಾ ವಾಪಸ್ ಕೊಟ್ಟರು. ನಾಯಿಗೆ ಮಾತ್ರ ಬಿಟ್ಟುಹೋಗೋಕೆ ಮನಸ್ಸಿರಲಿಲ್ಲ ಪಾಪ. ಯಗಟಿ ಕುರಿಯ ವಾಸನೆ ಅದಕ್ಕೆ ಇನ್ನೆಲ್ಲಿ ಸಿಗಬೇಕು?

ಮಗಳ ಊರು

ಆ ಊರಿನ ಹೆಸರು ಹೇಳೋಕೆ ನನ್ನ ನಾಲಿಗೆ ತಿರುಗಲ್ಲ, ಬಿಡಿ. ಎತ್ತ ನೋಡಿದರೂ ಹಸಿರು ಹುಲ್ಲು, ಹುಲ್ಲಿನ ತುಂಬ ಕುರಿ. ನಮ್ಮವರು ಬರದೆ ಮೋಸ ಹೋದರು ಅಂತ ಹೊಟ್ಟೆ ಉರೀತು. ಕುರಿ ಯಾರದು ಅಂತ ತಿಳಿಯೋಕೆ ಬೆನ್ನ ಮೇಲೆ ಕೆಂಪು, ನೀಲಿ ಬಣ್ಣ ಬಳಿದಿರ್ತಾರೆ. ನಾವೂ ಗುರುತು ಹಾಕ್ತೀವಿ, ಆದರೆ ಇಷ್ಟು ಧಾರಾಳವಾಗಿ ಅಲ್ಲ. ಮಳೆ ಬಂದು ಹೋಗೋದಕ್ಕೆ ಹೇಳೋದು ಕೇಳೋದು ಇಲ್ಲ. ಬಟ್ಟೆ ಒಣಹಾಕಿ ಒಳಗೆ ಬಂದರೆ ಮಳೆ, ಓಡಿಹೋಗಿ ತೆಗೆದರೆ ಬಿಸಿಲು. ಬಸ್ಸಿಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳೀತಾರೆ. ನಮ್ಮ ಕಡೂರು ಬಸ್ಸಿನಲ್ಲಿ ಇಳಿಯೋವಾಗ ಕೇಳಿಸೋ ಮಾತೇ ಬೇರೆ: "ಬೇಗ ಇಳಿಯಮ್ಮೋ, ಇಲ್ಲೇ ಸಂಸಾರ ಮಾಡ್ತೀಯಾ?"

ಮೊಮ್ಮಗಳನ್ನು ಮೊದಲ ಸಲ ಎತ್ತಿಕೊಂಡದ್ದನ್ನು ಬರೆಯೋಕೆ ನನಗೆ ಬರಲ್ಲ. ಪುಷ್ಪ ಹುಟ್ಟಿದಾಗಲೂ ಹೀಗೆ ಆಗಿರಲಿಲ್ಲ. ಆಗ ಹೊಲದ ಕೆಲಸ, ಕುರಿ, ಅತ್ತೆ. ಕೂಸನ್ನು ಸರಿಯಾಗಿ ನೋಡೋಕೆ ಪುರುಸೊತ್ತೆಲ್ಲಿತ್ತು? ಈಗ ನೋಡಿದ್ದೇ ನೋಡಿದ್ದು. ಆಕಳಿಸಿದರೆ ಕರೆದು ತೋರಿಸೋದು, ಸೀನಿದರೆ ಕರೆದು ತೋರಿಸೋದು. "ಅಮ್ಮಾ, ಎಲ್ಲಾ ಮಕ್ಕಳೂ ಸೀನ್ತವೆ ಕಣೇ," ಅಂದಳು ಪುಷ್ಪ. ಸೀನ್ತವೆ, ಆದರೆ ಹೀಗೆ ಸೀನ್ತವಾ?

ಚರ್ಚಿನಲ್ಲಿ ಚಪ್ಪಲಿ

ಭಾನುವಾರ ಚರ್ಚಿಗೆ ಹೋದೆವು. ಬಾಗಿಲಲ್ಲೇ ನಾನು ಚಪ್ಪಲಿ ಬಿಟ್ಟೆ. ಒಳಗೆ ಬಾಗಿಲ ಪಕ್ಕದ ಕಲ್ಲಿನ ಬಟ್ಟಲಲ್ಲಿ ನೀರಿತ್ತು. ತೀರ್ಥ ಅಂತ ಗೊತ್ತಾಯಿತು. ಎಲ್ಲರೂ ಬೆರಳು ಅದ್ದಿ ಹಣೆಗೆ ಮುಟ್ಟಿಸಿಕೊಂಡು ಹೋಗ್ತಿದ್ದರು, ಪಾಪ ನಾಚಿಕೆ ಇರಬೇಕು ಅಂದುಕೊಂಡೆ. ನಾನು ಅಂಗೈ ತುಂಬ ತಗೊಂಡು ಕಣ್ಣಿಗೆ ಒತ್ತಿ, ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡೆ. ಪುಷ್ಪ ತಲೆ ಚಚ್ಚಿಕೊಂಡಳು. ಹಿಂದಿದ್ದ ಒಬ್ಬ ಮುದುಕಿ ನನ್ನನ್ನೇ ನೋಡುತ್ತಿದ್ದಳು. ನೋಡಿ ನೋಡಿ, ತಾನೂ ಬೆರಳನ್ನು ಒಂದು ಸಲ ನಾಲಿಗೆಗೆ ಮುಟ್ಟಿಸಿಕೊಂಡಳು!

ಪೂಜೆ ಮುಗಿಸಿ ಬಂದರೆ ಬಾಗಿಲಲ್ಲಿ ಚಪ್ಪಲಿ ಇಲ್ಲ. ಊರು ಬಿಟ್ಟು ಬಂದರೂ ದೇವಸ್ಥಾನದಲ್ಲಿ ಚಪ್ಪಲಿ ಕಳೆಯೋದು ತಪ್ಪಲಿಲ್ಲವಲ್ಲ ಅಂದುಕೊಂಡೆ. ನೋಡಿದರೆ ಮಳೆಗೆ ನೆನೆದಿದ್ದವು ಅಂತ ಯಾರೋ ಪುಣ್ಯಾತ್ಮರು ಒಳಗೆ ತಂದು, ಗೋಡೆಯ ಬಿಸಿ ಕೊಳವೆಯ ಮೇಲೆ ಒಣಹಾಕಿದ್ದರು. ಹಾಕಿಕೊಂಡರೆ ಬಿಸಿಬಿಸಿ ರೊಟ್ಟಿ ಮೇಲೆ ಕಾಲಿಟ್ಟ ಹಾಗೆ.

ಆಮೇಲೆ ಚರ್ಚಿನ ಫಾದರ್ ನಮ್ಮನ್ನು ಕೂರಿಸಿಕೊಂಡರು. ವಯಸ್ಸಾದವರು, ಕೆಂಪು ಮೂಗು, ಅಪ್ಪನ ಮನೆಯಲ್ಲಿ ಕುರಿ ಇದ್ದವಂತೆ. ನನಗೆ ಅಲ್ಲೇ ಅರ್ಧ ನೆಂಟರಾದರು. ಮುಂದಿನ ಭಾನುವಾರ ಮೊಮ್ಮಗಳಿಗೆ ಜ್ಞಾನಸ್ನಾನ, ಅಂದರೆ ಹೆಸರು ಹೇಳಿ, ತಲೆಗೆ ನೀರು ಹೊಯ್ದು ದೇವರಿಗೆ ಒಪ್ಪಿಸುವ ಶಾಸ್ತ್ರ. ಕೂಸಿನ ಪರವಾಗಿ ನಿಲ್ಲುವ ಜ್ಞಾನತಂದೆ ನಮ್ಮ ಇನ್ನಾಸಪ್ಪನವರೇ ಅಂತ ವಿನ್ಸೆಂಟ್ ಆಗಲೇ ಹೇಳಿಟ್ಟಿದ್ದ. ಅವತ್ತು ತಂದೆ, ಮಗ, ಪವಿತ್ರಾತ್ಮರ ಹೆಸರಲ್ಲಿ ನೀರು ಹೊಯ್ಯುತ್ತೇವೆ, ನಿಮ್ಮ ನಂಬಿಕೆ ಏನು ಅಂತ ಕೇಳುತ್ತೇವೆ, ನೀವು ಉತ್ತರ ಹೇಳಬೇಕು ಅಂದರು ಫಾದರ್.

ಬೀಗರು ಎದ್ದು ನಿಂತರು. "ವಿನ್ಸೆಂಟಾ, ಹೇಳು ಅವರಿಗೆ. ನನ್ನ ಕೈಲಿ ಆಗಲ್ಲ."

"ಏನು ಆಗಲ್ಲ?"

"ಮೂರು ಒಂದೇ ಅನ್ನೋಕೆ. ಬೈಬಲಲ್ಲಿ ಇಲ್ಲದ್ದಕ್ಕೆ, ದೇವರ ಮನೇಲಿ ನಿಂತು, ಮೊಮ್ಮಗಳನ್ನ ಎತ್ಕೊಂಡು ಸುಳ್ಳು ಹೇಳ್ಲಾ?"

"ಅಪ್ಪಾ, ಊರಲ್ಲಿ ಇಷ್ಟು ವರ್ಷ ಹೇಳಿದ್ದೆಲ್ಲ?"

"ಆಗ ಓದಿರ್ಲಿಲ್ಲ."

ದಾರಿಯುದ್ದಕ್ಕೂ ಜಗಳ. ಮನೆ ಬಾಗಿಲಿಗೆ ಬರುವ ಹೊತ್ತಿಗೆ ವಿನ್ಸೆಂಟ್, "ಹಾಗಾದ್ರೆ ಬೇರೆ ಯಾರನ್ನಾದ್ರೂ ನಿಲ್ಲಿಸ್ತೀನಿ," ಅಂದ. ಇವರು, "ನಿಲ್ಸು," ಅಂದರು. ಮಾತು ನಿಂತಿತು. ತಂದೆ, ಮಗ ಒಂದೇನಾ ಅಂತ ಜಗಳ ಮಾಡಿ ತಂದೆ, ಮಗ ಇಬ್ಬರಾದರು ನೋಡಿ.

ಮೂರು ಗುಂಡಿನ ಒಲೆ

ಮನೆಯೋ ಬೆಂಕಿಪೊಟ್ಟಣದಷ್ಟು. ಒಂದೇ ಅಡುಗೆಮನೆ, ಒಂದೇ ಬಚ್ಚಲು. ಅದರಲ್ಲಿ ಇಬ್ಬರು ಗಂಡಸರು ಮಾತು ಬಿಟ್ಟುಕೊಂಡು ಓಡಾಡೋದು ಅಂದರೆ! "ಅತ್ತೆ, ನಿಮ್ಮ ಬೀಗರಿಗೆ ಹೇಳಿ, ಗೀಸರ್ ಹಾಕಿದೀನಿ." "ಸಿದ್ದಮ್ಮನೋರೇ, ನಿಮ್ಮ ಅಳಿಯನಿಗೆ ಹೇಳಿ, ನಂಗೆ ತಣ್ಣೀರೇ ಸಾಕು." ಇಬ್ಬರ ನಡುವೆ ಮೂರಡಿ ಜಾಗ, ಅದರಲ್ಲಿ ನಾನು. ಪುಷ್ಪ ಕೂಸಿಗೆ ಹಾಲು ಕೊಡ್ತಾ ನಕ್ಕಳು: "ಅಮ್ಮಾ, ತಂದೆ ಒಬ್ಬರು, ಮಗ ಒಬ್ಬರು, ಪವಿತ್ರಾತ್ಮದ ಹಾಗೆ ಹಾರಾಡೋ ಪಾರಿವಾಳ ನೀನೊಬ್ಬಳು ಕಡಿಮೆ ಇದ್ದೆ."

ನನಗೆ ನಗು ಬರಲಿಲ್ಲ. ತಾಯಿ ಇಲ್ಲದ ಅಳಿಯ. ಅವನ ಕೂಸಿನ ಹೆಸರಿಡುವ ದಿನ ಅಪ್ಪನೂ ಪಕ್ಕದಲ್ಲಿ ಇಲ್ಲ ಅಂದರೆ ಆ ದಿನದ ಫೋಟೋವನ್ನು ಮುಂದೆ ಯಾವ ಮುಖ ಇಟ್ಟುಕೊಂಡು ನೋಡುವುದು? ವಾಪಸ್ ಹೋಗುವ ಟಿಕೇಟು ಬೇರೆ ಹತ್ತಿರ ಬಂದಿತ್ತು. ಹೀಗೇ ಮುಖ ತಿರುಗಿಸಿಕೊಂಡು ತರೀಕೆರೆಗೆ ಹೋದರೆ ಮತ್ತೆ ಯಾವ ಕಾಲಕ್ಕೆ ಸೇರುವುದು?

ಬಟಾಣಿ ಬಿಡಿಸುತ್ತಾ ಬೀಗರ ಪಕ್ಕ ಕೂತೆ. "ಬೀಗರೇ, ಪಾತ್ರೆ ಕೂರೋಕೆ ಒಲೆಗೆ ಮೂರು ಗುಂಡು ಇಡ್ತೀವಿ. ಒಲೆ ಒಂದೇ ಅಲ್ವಾ?"

"ಒಂದು ಗುಂಡು ತೆಗೀರಿ, ಒಲೆ ಇರುತ್ತಾ? ಹಾಗಾದ್ರೆ ಒಂದೊಂದು ಗುಂಡೂ ಒಲೆಯ ತುಂಡಾಯ್ತು. ದೇವರು ತುಂಡಲ್ಲ ಅಂತಾರೆ ಅವರು. ಒಬ್ಬೊಬ್ಬನೂ ಪೂರ್ತಿ ದೇವರಂತೆ."

"ಬಿಲ್ವಪತ್ರೆ?"

"ಅದೂ ತುಂಡೇ."

"ನಮ್ಮ ಯಜಮಾನರು ನಂಗೆ ಗಂಡ, ಪುಷ್ಪಂಗೆ ಅಪ್ಪ, ನಮ್ಮತ್ತೆಗೆ ಮಗ. ಮನುಷ್ಯ ಒಬ್ಬನೇ."

"ಆ ಮನುಷ್ಯ ತೋಟದಲ್ಲಿ ಮೊಣಕಾಲೂರಿ ತನಗೆ ತಾನೇ ಬೇಡ್ಕೋತಾನಾ? ಯೇಸು ಸಾಯೋ ಹಿಂದಿನ ದಿನ ತಂದೆ ಹತ್ರ ಬೇಡ್ಕೊಂಡ. ನನ್ನ ಇಷ್ಟ ಬೇಡ, ನಿನ್ನ ಇಷ್ಟದ ಹಾಗಾಗಲಿ ಅಂತ. ಎರಡು ಇಷ್ಟ ಇದ್ರೆ ಇಬ್ರು ಅಲ್ವಾ?" ಕೆಂಪು ಚೂರು ಎಳೆದು ತೋರಿಸಿದರು.

ಆಮೇಲೆ ನನಗೆ ಒಂದು ಹೊಳೀತು. "ನಿಮ್ಮ ಯೇಸುವನ್ನ ಕುರುಬ ಅಂತೀರಿ, ಕುರಿಮರಿ ಅಂತಲೂ ಅಂತೀರಿ. ನಮ್ಮನೇಲಿ ತಲೆತಲಾಂತರದಿಂದ ಕುರಿ ಇದಾವೆ. ಕಾಯೋನೇ ಮರಿ ಆಗಿದ್ದನ್ನ ನಾವ್ಯಾರೂ ನೋಡಿಲ್ಲ. ಅದನ್ನ ಒಪ್ತೀರಾ?"

"ಅದು ಬೈಬಲಲ್ಲಿ ಐತೆ!"

"ಹಾಗಾದ್ರೆ ಇದೂ..."

"ಸಿದ್ದಮ್ಮನೋರೇ, ಅದು ಹೋಲಿಕೆ, ಇದು ಸಿದ್ಧಾಂತ. ಬಟಾಣಿ ಬಿಡಿಸಿ."

ಬಿಡಿಸಿದೆ. ಸಿದ್ಧಾಂತಕ್ಕೆ ನಾಲ್ಕನೇ ಕ್ಲಾಸು ಎಲ್ಲಿ ಸಾಲುತ್ತೆ?

ಫಾದರ್ ಟೀಗೆ ಬಂದದ್ದು

ಪುಷ್ಪ ಫೋನ್ ಮಾಡಿ ಫಾದರನ್ನೇ ಮನೆಗೆ ಕರೆದಳು. ಆ ದೇಶದಲ್ಲಿ ಟೀ ಬೇಡ ಅಂದರೂ ಮತ್ತೆ ಮತ್ತೆ ಕೇಳೋದು ಮರ್ಯಾದೆಯಂತೆ. ಅದೊಂದರಲ್ಲಿ ಅವರು ನಮ್ಮವರೇ. ಬೀಗರು ಹುಂಜದ ಬಾಲದ ಬೈಬಲ್ ಹಿಡಿದು ಎದುರಿಗೆ ಕೂತರು. ತೊಂದರೆ ಏನಪ್ಪಾ ಅಂದರೆ, ಬೀಗರ ಅಂಗಡಿ ಇಂಗ್ಲಿಷು ಕುರಿಗೆ ಸಾಕಾಗಿತ್ತು, ದೇವರಿಗೆ ಸಾಲಲಿಲ್ಲ. ಪುಷ್ಪನ ಮಡಿಲಲ್ಲಿ ಕೂಸು ಹಟ ಮಾಡ್ತಿತ್ತು. ಅಪ್ಪನ ಮಾತನ್ನು ಫಾದರಿಗೆ ಹೇಳೋಕೆ ಉಳಿದವನು ವಿನ್ಸೆಂಟೇ. ಮುಖ ಗೋಡೆ ಕಡೆ ತಿರುಗಿಸಿಕೊಂಡೇ ಶುರು ಮಾಡಿದ.

ಬೀಗರು ಕೆಂಪು ಚೂರುಗಳನ್ನು ಒಂದೊಂದೇ ಎಳೆದರು. ತಂದೆ ನನಗಿಂತ ದೊಡ್ಡವನು ಅಂತ ಯೇಸುವೇ ಹೇಳಿದಾನೆ, ಸಮ ಹೇಗೆ? ಕೊನೆಯ ದಿನ ಯಾವುದು ಅಂತ ಮಗನಿಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು ಅಂದಿದಾನೆ, ದೇವರಿಗೆ ಗೊತ್ತಿಲ್ಲದ್ದು ಇರುತ್ತಾ? ವಿನ್ಸೆಂಟ್ ಇಂಗ್ಲಿಷಿನಲ್ಲಿ ಹೇಳ್ತಾ ಹೋದ. ಫಾದರ್ ಕಣ್ಣು ಮಿಂಚಿತು. ಟೀ ಲೋಟ ಪಕ್ಕಕ್ಕಿಟ್ಟು ಅವರೂ ನೀಲಿ ಚೂರಿನ ಕಡೆಯಿಂದ ಹೊಡೆದರು. ಸತ್ತು ಎದ್ದುಬಂದ ಯೇಸುವನ್ನು ನೋಡಿ ಶಿಷ್ಯ ತೋಮ, ನನ್ನ ದೇವರೇ ಅಂತ ಕರೆದಾಗ ಯೇಸು ಬೇಡ ಅನ್ನಲಿಲ್ಲವಲ್ಲ? ಯೇಸುವಿಗೇ ಜ್ಞಾನಸ್ನಾನ ಆದ ದಿನ ಹೊಳೆಯಲ್ಲಿ ಮಗ ನಿಂತಿದ್ದಾಗ ಪವಿತ್ರಾತ್ಮ ಪಾರಿವಾಳದ ಹಾಗೆ ಇಳಿದು, ತಂದೆಯ ದನಿ ಆಕಾಶದಿಂದ ಬಂತಲ್ಲ?

"ಮೂವರಿದ್ರು, ಸರಿ. ಒಂದೇ ಅಂತ ಎಲ್ಲೈತೆ? ಕೇಳು ಅವರನ್ನ!" ಅಂದರು ಬೀಗರು.

ಫಾದರ್ ಮೇಜು ಕುಟ್ಟಿ ನಕ್ಕು ಏನೋ ಅಂದರು. ಪುಷ್ಪ ನನಗೆ ಹೇಳಿದಳು: "ಇಲ್ಲಿ ಜ್ಞಾನಸ್ನಾನಕ್ಕೆ ಬರೋರೆಲ್ಲ ಫೋಟೋ ಎಲ್ಲಿ ತೆಗೀಬಹುದು ಅಂತ ಮಾತ್ರ ಕೇಳ್ತಾರಂತೆ. ಇದನ್ನ ಕೇಳಿದವರು ಇವರೇ ಮೊದಲಂತೆ." ಆಮೇಲೆ ಫಾದರ್ ಮೆತ್ತಗೆ ಒಂದು ಮಾತು ಕೇಳಿದರು. ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಈ ಪ್ರಶ್ನೆ ನಿಮ್ಮನ್ನು ಕಾಡ್ತಿದೆ ಅಂತ.

ಬೀಗರು ಬೈಬಲ್ ಮುಚ್ಚಿದರು. "ನಮ್ಮೋಳು ಹೋದ ದಿನ ಪ್ರಾರ್ಥನೆಗೆ ಕೂತೆ. ಯಾರನ್ನ ಕರೀಬೇಕು ಅಂತ ಗೊತ್ತಾಗ್ಲಿಲ್ಲ. ತಂದೆಯನ್ನ ಕರೀಲಾ, ಮಗನ್ನ ಕರೀಲಾ? ತಪ್ಪಾದ ಬಾಗಿಲು ತಟ್ಟಿ, ಅವಳ ವಿಷ್ಯ ಯಾರಿಗೂ ಮುಟ್ಟದೇ ಹೋದ್ರೆ ಅಂತ ಭಯ ಆಯ್ತು. ಅವತ್ತಿಂದ ಹುಡುಕ್ತಾ ಇದೀನಿ."

ವಿನ್ಸೆಂಟ್ ಇಂಗ್ಲಿಷಿಗೆ ಶುರು ಮಾಡಿದ. ಅಮ್ಮ ಅನ್ನೋ ಪದಕ್ಕೆ ಬಂದು ನಿಂತುಬಿಟ್ಟ. ಉಳಿದದ್ದನ್ನು ಪುಷ್ಪ ಹೇಳಿದಳು. ಫಾದರ್, ಯಾವ ಬಾಗಿಲು ತಟ್ಟಿದರೂ ಮನೆ ಒಂದೇ ಅಂತ ನಾನು ನಂಬಿದೀನಿ ಅಂದರು. ಬೀಗರು ಒಪ್ಪಲೂ ಇಲ್ಲ, ಬಿಡಲೂ ಇಲ್ಲ. "ಅದನ್ನೇ ಹುಡುಕ್ತಿರೋದು," ಅಂದರು.

ಆಗ ನಾನು ಬಾಯಿ ಹಾಕಿದೆ. ನಮ್ಮ ಕಡೆ ಮದುವೆ ಚಪ್ಪರದಲ್ಲಿ ಜಗಳ ಆಗಬಾರದು ಅಂತ, ವೀಳ್ಯ ಬದಲಾಯಿಸುವ ದಿನವೇ ಎರಡೂ ಕಡೆಯವರು ಕೂತು, ಕೇಳೋದನ್ನೆಲ್ಲ ಕೇಳಿ ಮುಗಿಸಿಬಿಡ್ತೀವಿ. "ಪುಷ್ಪಾ, ಭಾನುವಾರ ಏನೇನು ಕೇಳ್ತಾರೋ ಅದನ್ನ ಈಗಲೇ ಕೇಳಿಬಿಡೋಕೆ ಹೇಳೇ ಫಾದರಿಗೆ. ಇನ್ನಾಸಪ್ಪನೋರು ಎಲ್ಲಿ ಆಗಲ್ಲ ಅಂತಾರೋ ಅಲ್ಲಿಗೆ ನಿಲ್ಲಿಸೋಣ."

ಫಾದರ್ ನೆಟ್ಟಗೆ ಕೂತು ಕೇಳಿದರು. ಲೋಕವನ್ನೆಲ್ಲ ಮಾಡಿದ ತಂದೆ ದೇವರನ್ನ ನಂಬ್ತೀರಾ?

"ನಂಬ್ತೀನಿ."

ಅವನ ಒಬ್ಬನೇ ಮಗ, ಸತ್ತು ಎದ್ದುಬಂದ ಯೇಸುವನ್ನ ನಂಬ್ತೀರಾ?

"ಇದೇನು ಪ್ರಶ್ನೆ? ನಂಬ್ತೀನಿ."

ಪವಿತ್ರಾತ್ಮ, ಕ್ರೈಸ್ತ ಸಭೆ, ಪಾಪಕ್ಷಮೆ, ಸತ್ತವರು ಏಳೋದು, ಇವನ್ನೆಲ್ಲ ನಂಬ್ತೀರಾ?

ಬೀಗರ ದನಿ ಸಣ್ಣಗಾಯಿತು. "ಸತ್ತವರು ಏಳೋದನ್ನ ನಂಬ್ದೆ ಹ್ಯಾಗಿರ್ಲಿ? ನಂಬ್ತೀನಿ."

ಬೀಗರು ಕುರ್ಚಿಯ ತುದಿಗೆ ಬಂದು ಕಾಯುತ್ತಿದ್ದರು. "ಮುಂದೆ?"

"ಅಷ್ಟೇ ಅಂತೆ ಮಾವ," ಅಂದಳು ಪುಷ್ಪ.

"ಅಷ್ಟೇನಾ! ಮೂವರೂ ಸೇರಿ ಹ್ಯಾಗೆ ಒಂದು ಅಂತ ಕೇಳಲ್ವಾ?"

ಫಾದರ್ ಕೈ ಮುಗಿದು ಹೇಳಿದರಂತೆ, ಅದನ್ನ ಕೇಳಿದ್ದಿದ್ರೆ ಈ ಊರಲ್ಲಿ ಒಂದು ಕೂಸಿಗೂ ನೀರು ಹೊಯ್ಯೋಕೆ ಆಗ್ತಿರಲಿಲ್ಲ ಅಂತ. ಸಭೆ ಮೂರೂ ಒಂದು ಅಂತ ಕಲಿಸುತ್ತೆ, ನಾನೂ ಹಾಗೇ ನಂಬಿದೀನಿ, ನೀವು ಹುಡುಕ್ತಾ ಬನ್ನಿ, ಹುಡುಕೋದು ಪಾಪ ಅಲ್ಲ ಅಂದರಂತೆ.

ಬೀಗರ ಮುಖ ನೋಡಬೇಕಿತ್ತು ನೀವು. ಗೆದ್ದ ಖುಷಿ ಇರಲಿಲ್ಲ, ಕುಸ್ತಿಗೆ ಎಣ್ಣೆ ಹಚ್ಚಿಕೊಂಡು ಬಂದ ಪೈಲ್ವಾನನಿಗೆ ಎದುರಾಳಿ ಬಂದು ಹೂವಿನ ಹಾರ ಹಾಕಿದರೆ ಹೇಗಿರುತ್ತೋ ಹಾಗಿತ್ತು. "ಹಾಗಾದ್ರೆ ನಿಲ್ತೀನಿ," ಅಂದರು. "ಆದ್ರೆ ಒಪ್ಪಿದೀನಿ ಅಂತ ಅಲ್ಲ. ಬರೆದಿಟ್ಕೊಳ್ಳಿ."

ಭಾನುವಾರ

ಕೂಸಿಗೆ ಬೀಗರೇ ತರೀಕೆರೆಯಲ್ಲಿ ಹೊಲಿದು ತಂದಿದ್ದ ಬಿಳಿ ಅಂಗಿ. ಕುತ್ತಿಗೆ ಹತ್ತಿರ ದಾರದ ಗಂಟು ಚುಚ್ಚದ ಹಾಗೆ ಒಳಗಿನಿಂದ ಇನ್ನೊಂದು ಮೆತ್ತನೆ ಬಟ್ಟೆ ಕೊಟ್ಟಿದ್ದರು. ಚರ್ಚಿನಲ್ಲಿ ಎಲ್ಲರೂ ಅದನ್ನು ಮುಟ್ಟಿ ಮುಟ್ಟಿ ನೋಡಿದರು. ನಾನು ಕೂಸನ್ನು ತೋರಿಸುತ್ತಿದ್ದೆ, ಅವರು ಅಂಗಿ ನೋಡುತ್ತಿದ್ದರು.

ಫಾದರ್ ಮೊದಲು ಕೇಳಿದ್ದು, ಈ ಮಗುವಿನ ಹೆಸರೇನು? ಇಂಚರ ಅಂತ ಹುಟ್ಟಿದ ದಿನದಿಂದ ಕರೀತಿದ್ದೆವು. ವಿನ್ಸೆಂಟ್ ತನ್ನ ಅಮ್ಮನ ಹೆಸರನ್ನೂ ಸೇರಿಸಿ, "ಇಂಚರ ಲೂರ್ದಮ್ಮ," ಅಂದ. ಪುಷ್ಪನಿಗೆ ಗೊತ್ತಿತ್ತು ಅಂತ ಕಾಣುತ್ತೆ, ನಕ್ಕಳು. ನನಗೂ ಬೀಗರಿಗೂ ಯಾರೂ ಹೇಳಿರಲಿಲ್ಲ.

ಫಾದರ್ ಪ್ರಶ್ನೆಗೆ ಬಂದರು. ತಂದೆ ದೇವರನ್ನ ನಂಬ್ತೀರಾ? ವಾರವೆಲ್ಲ ಬಾಯಿ ಮುಚ್ಚದ ನಮ್ಮ ಬೀಗರು ಈಗ ತುಟಿ ಬಿಗಿ ಹಿಡಿದು ನಿಂತಿದ್ದಾರೆ! ಫಾದರ್ ಕಾದರು. ಕೂಸು ಕಾಲು ಝಾಡಿಸಿತು. ಮತ್ತೆ ಶುರುವಾಯಿತಲ್ಲಪ್ಪಾ ಬೀರಪ್ಪಾ ಅಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ಸಿದ್ಧಾಂತವೂ ಇಲ್ಲ ಏನೂ ಇಲ್ಲ, ಗಲ್ಲದ ಮೇಲೆ ನೀರು ಹರೀತಿದೆ.

ವಿನ್ಸೆಂಟ್ ಅವರ ಭುಜ ಹಿಡಿದ. "ಅಪ್ಪಾ. ಹೇಳು."

"ನಂಬ್ತೀನಿ," ಅಂದರು ಬೀಗರು, ಅಪ್ಪಟ ತರೀಕೆರೆ ಕನ್ನಡದಲ್ಲಿ. ಮೂರು ಸಲವೂ ಕನ್ನಡದಲ್ಲೇ. ಫಾದರ್ ಒಂದು ಸಲವೂ ಅರ್ಥ ಕೇಳಲಿಲ್ಲ. ನೀರು ಹೊಯ್ದಾಗ ಇಂಚರ ಕಿರುಚಿದ ಕಿರುಚಿಗೆ ಚರ್ಚಿನ ಗಾಜೆಲ್ಲ ನಡುಗಿತು. ನನ್ನ ಕಂದನ ಗಂಟಲು ಅಂದರೆ ಗಂಟಲು!

ಹೊರಗೆ ಬಂದೆವು. ಮಳೆ ನಿಂತಿತ್ತು. ತಂದೆ, ಮಗ ಕಾರಿನ ಹತ್ತಿರ ಹೋಗುತ್ತಾ ಮಾತಾಡ್ತಿದ್ದಾರೆ! ಕಿವಿಗೊಟ್ಟರೆ, "ಅಪ್ಪಾ, ಆದಿಯಲ್ಲಿ ಇದ್ದ ವಾಕ್ಯವೇ, ಅಂದ್ರೆ ಯೇಸುವೇ, ದೇವರು ಅಂತ ಐತಲ್ಲ?" "ಅದೇ ಸಾಲಿನಲ್ಲಿ ದೇವರ ಹತ್ರ ಇತ್ತು ಅಂತಲೂ ಐತಲ್ಲೋ, ಪೂರ್ತಿ ಓದು!" ಕೈ ಆಡಿಸ್ತಾ, ಒಬ್ಬರ ಮಾತು ಒಬ್ಬರು ಕತ್ತರಿಸ್ತಾ, ಕಾರು ದಾಟಿ ಮುಂದಕ್ಕೇ ಹೋಗಿಬಿಟ್ಟರು. ಹಿಂದಿನಿಂದ ಫಾದರ್ ಬಿಳಿ ನಿಲುವಂಗಿ ಎತ್ತಿ ಹಿಡಿದು, ನನ್ನನ್ನೂ ಸೇರಿಸಿಕೊಳ್ಳಿ ಅನ್ನೋ ಹಾಗೆ ಓಡಿದರು.

"ಕರೀಲೇನಮ್ಮ? ಊಟ ತಣ್ಣಗಾಗುತ್ತೆ," ಅಂದಳು ಪುಷ್ಪ.

"ಸುಮ್ನಿರೇ," ಅಂದೆ. "ಅವರು ಮೂರೋ ಒಂದೋ ಅನ್ನೋ ಲೆಕ್ಕ ಮುಗಿಸೋ ತನಕ ಕೂಸನ್ನ ಯಾರೂ ಕೇಳಲ್ಲ. ನಂಗೆ ಕೊಡೇ ಇಲ್ಲಿ."